ಪೆಟ್ಟಾದ ಹುಡುಗಿಯನ್ನು ತೋರಿಸಿ

ಟೀಚರ್ ತೀರಿಕೊಂಡರೆಂದು ಮಗಳು ಫೋನಿನಲ್ಲಿ ಹೇಳಿದಾಗ ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಬ್ಬ ಮದುಮಗಳ ರವಿಕೆಗೆ ಅಳತೆ ಹಿಡಿಯುತ್ತಿದ್ದೆ. "ಏನಾಯ್ತಕ್ಕಾ?" ಎಂದು ಅವಳು ಕೇಳಿದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ ಮೇಲೆ ಹೇಳಿದೆ. ಮಾತಾಡಲು ಅಷ್ಟು ತಡವಾದದ್ದು ಒಳ್ಳೆಯದೇ ಆಯಿತು.

ಬಾಳೆಲೆ ಊರಿನ ಕಡೆಯ ಟೀಚರ ತವರುಮನೆಗೆ ಹೋಗಿದ್ದೆವು. ಸಾವಿನ ಸುದ್ದಿ ಸಾರಲು ಕೊಡವರ ಮನೆಗಳಲ್ಲಿ ಕೋವಿಯಿಂದ ಗುಂಡು ಹಾರಿಸುತ್ತಾರೆ. ನಾವು ತಲುಪುವ ಹೊತ್ತಿಗೆ ಅದು ಮುಗಿದಿತ್ತು. ಟೀಚರ ಅಣ್ಣ ಬಿಳಿ ಬಟ್ಟೆಯಲ್ಲಿ ಅಂಗಳದಲ್ಲಿ ನಿಂತಿದ್ದರು. "ಗುಂಡು ಹೊಡೆದದ್ದು ಆಚೆ ತೋಟದವರಿಗೇ ಕೇಳಲಿಲ್ಲ ನೋಡಿ. ಅವಳೇ ಒಂದು ಸಲ ಕೂಗಿದ್ದರೆ ಇಡೀ ಊರಿಗೆ ಕೇಳ್ತಿತ್ತು" ಎಂದು ಹೇಳಿ ಕಣ್ಣೊರೆಸಿಕೊಂಡರು. ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವರನ್ನು ನೆನೆದರೆ ಮೊದಲು ನಗು ಬರುತ್ತದೆ. ಉಳಿದದ್ದು ಅದರ ಹಿಂದಿನಿಂದ ಬರುತ್ತದೆ.

ಹೆಸರು ಬರೆಯುವುದಿಲ್ಲ. ನಮ್ಮೂರಿಗೆ ಅವರು ಪಿ.ಟಿ. ಟೀಚರ್, ಅಷ್ಟೇ. ಸರ್ಕಾರಿ ಶಾಲೆಯಲ್ಲಿ ಆಟ ಕಲಿಸಲು ವರ್ಗವಾಗಿ ಬಂದವರು, ನಿವೃತ್ತಿಯವರೆಗೂ ಇಲ್ಲೇ ಉಳಿದರು. ಮದುವೆ ಮಾಡಿಕೊಂಡಿರಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ "ಇನ್ನೂ ನೋಡ್ತಾ ಇದ್ದೇನೆ" ಎನ್ನುತ್ತಿದ್ದರು. ಎಡಗೈಯ ಕಿರುಬೆರಳು ಕೊಕ್ಕೆಯ ಹಾಗೆ ಸೊಟ್ಟಗಿತ್ತು. ಹೇಗಾಯಿತೆಂದು ಕೇಳಿದವರಿಗೆಲ್ಲ ಬೇರೆ ಬೇರೆ ಕಥೆ ಹೇಳಿದ್ದರು. ನನಗೆ ಹೇಳಿದ್ದು ಜೀಪಿನ ಬಾಗಿಲಿಗೆ ಸಿಕ್ಕಿತೆಂದು. ನನ್ನ ಮಗಳಿಗೆ ಹೇಳಿದ್ದು ಹಾಕಿ ಕೋಲಿನ ಪೆಟ್ಟೆಂದು. ನಮ್ಮತ್ತೆಗೆ ಮಾತ್ರ ಕಾಡುಹಂದಿ ಕಚ್ಚಿತೆಂದು ಹೇಳಿದ್ದರು. ಅತ್ತೆ ಅದನ್ನೇ ನಂಬಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದರು.

ನಮ್ಮ ಊರು ಕುಶಾಲನಗರದ ಹತ್ತಿರ. ಮಾವನವರ ಕಾಲದಲ್ಲಿ ಅರಕಲಗೂಡು ಕಡೆಯಿಂದ ಬಂದು ನೆಲೆಸಿದವರು ನಾವು. ಮನೆಯವರು ಜೋಳ, ಶುಂಠಿ ಬೆಳೆಯುತ್ತಾರೆ. ನಾನು ಎಸ್ಸೆಸ್ಸೆಲ್ಸಿ ಆದ ಮೇಲೆ ಹೊಲಿಗೆ ಕಲಿತು, ಬಸ್‌ಸ್ಟ್ಯಾಂಡಿನ ಎದುರು ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ದಿನ ಟೀಚರ್ ಸ್ಕೂಟರಿನಲ್ಲಿ ಬಂದು, ಬ್ಯಾಟುಗಳು ತುಂಬಿದ ಕಾಫಿಯ ಗೋಣಿಚೀಲವನ್ನು ಬಾಗಿಲಿಗೆ ಒರಗಿಸಿ, ನನ್ನ ಮೆಷಿನ್ನಿನ ಮೇಲೆ ಏನನ್ನೋ ಇಟ್ಟರು.

"ಇದಕ್ಕೊಂದು ಹೊಲಿಗೆ ಹಾಕಿ ಕೊಡು."

ನೋಡಿದರೆ ಚೆಂಡು. ಕ್ರಿಕೆಟ್ ಚೆಂಡಿಗಿಂತ ದಪ್ಪ, ಬಿಳಿ ತೊಗಲಿನದು. ಹೊಲಿಗೆ ಬಿಚ್ಚಿಹೋಗಿ ಒಳಗಿನದೆಲ್ಲ ಕಾಣುತ್ತಿತ್ತು.

"ಟೀಚರ್, ನಾನು ರವಿಕೆ ಹೊಲಿಯೋಳು."

"ಇದೂ ರವಿಕೆಯೇ ಮಾರಾಯ್ತಿ. ಎರಡು ತುಂಡು ಬಟ್ಟೆ, ಒಂದು ದುಂಡು. ಹೊಲಿ."

ಅಂಗಡಿಯಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಚಪ್ಪಲಿ ಹೊಲಿಯುವವರ ಹತ್ತಿರ ಮೇಣದ ದಾರ ತಂದು, ದಬ್ಬಳದಲ್ಲಿ ಚುಚ್ಚಿ ಚುಚ್ಚಿ ಹೊಲಿದುಕೊಟ್ಟೆ. ಹೊಲಿಗೆ ಒಂದು ಕಡೆ ಉಬ್ಬಿಕೊಂಡಿತು. ಎಸೆದರೆ ನೆಟ್ಟಗೆ ಹೋಗುತ್ತಿರಲಿಲ್ಲ, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಪಕ್ಕಕ್ಕೆ ತಿರುಗುತ್ತಿತ್ತು. ಹುಡುಗಿಯರು ಅದಕ್ಕೆ ರವಿಕೆ ಚೆಂಡು ಎಂದು ಹೆಸರಿಟ್ಟರು. ಟೀಚರಿಗೆ ಬೇಸರವಾಗಲಿಲ್ಲ. "ಇದರಲ್ಲಿ ಎಸೆಯಲು ಕಲಿತವಳು ಯಾವ ಚೆಂಡಲ್ಲಾದ್ರೂ ಎಸೀತಾಳೆ" ಎಂದರು. ಆ ಮೇಲೆ ಶಾಲೆಯ ಎಲ್ಲ ಚೆಂಡುಗಳೂ ನನ್ನ ಕೈಯಲ್ಲೇ ಹೊಲಿಸಿಕೊಂಡವು. ಆ ಚೆಂಡುಗಳನ್ನು ಕೊಡಲು ಶಾಲೆಗೆ ಹೋಗಿ ಬಂದು ಮಾಡುತ್ತಿದ್ದ ನನ್ನ ಮಗಳು ಸಿಂಚನ, ಎಂಟನೇ ಕ್ಲಾಸಿನಲ್ಲಿ ಎಸೆಯುವವಳಾಗಿ ಟೀಮಿಗೆ ಸೇರಿದಳು.

ಆ ಆಟದ ಹೆಸರು ಸಾಫ್ಟ್‌ಬಾಲ್. ಕೊಡಗಿನಲ್ಲಿ ಹಾಕಿ ಬಿಟ್ಟು ಇನ್ನೊಂದು ಆಟ ಕಲಿಸುವುದೆಂದರೆ ಅವರ ಜನಕ್ಕೆ ದೊಡ್ಡ ಅಪರಾಧ. ಅವರ ಚಿಕ್ಕಪ್ಪ ಒಬ್ಬರು ಮಾತು ಬಿಟ್ಟಿದ್ದರಂತೆ. ಟೀಚರ ಲೆಕ್ಕಾಚಾರವೇ ಬೇರೆ ಇತ್ತು. "ಹಾಕಿಯಲ್ಲಿ ಜಿಲ್ಲಾ ಟೀಮಿಗೆ ಹೋಗ್ಬೇಕಾದ್ರೆ ಅರ್ಧ ಕೊಡಗನ್ನೇ ಸೋಲಿಸ್ಬೇಕು. ಸಾಫ್ಟ್‌ಬಾಲಲ್ಲಿ ಇಡೀ ಜಿಲ್ಲೆಗೆ ಇರೋದೇ ನಾವು, ಮತ್ತೆ ಸೋಮವಾರಪೇಟೆಯವರು. ಅವರ ಟೀಮಲ್ಲಿ ಅರ್ಧ ಜನಕ್ಕೆ ಜ್ವರ. ಸೀದಾ ರಾಜ್ಯಮಟ್ಟ! ಖಾಲಿ ಇರೋ ಬಸ್ಸು ಹತ್ತುವುದು ಬಿಟ್ಟು ನೇತಾಡಿಕೊಂಡು ಯಾಕೆ ಹೋಗ್ಬೇಕು?"

ಮೈದಾನದಲ್ಲಿ ದನ ಮೇಯುತ್ತಿದ್ದವು. ಓಡಿ ಮುಟ್ಟಬೇಕಾದ ಬೇಸುಗಳು ಕಾಫಿಹೊಟ್ಟು ತುಂಬಿದ ಗೋಣಿಚೀಲಗಳು. ಹುಡುಗಿಯರು ಜಾರಿ ಬಂದು ಚೀಲ ಮುಟ್ಟಿದರೆ ಹೊಟ್ಟು ಹಾರಿ ಎಲ್ಲರೂ ಸೀನುತ್ತಿದ್ದರು. ಮಕ್ಕಳನ್ನು ಟೀಚರ್ ತಮ್ಮ ಮಾತಿನಲ್ಲಿ "ಕುಂಞಿ" ಎಂದು ಕರೆಯುತ್ತಿದ್ದರು, ಮಗುವೇ ಎನ್ನುವ ಹಾಗೆ. "ಓಡು ಕುಂಞಿ, ಓಡೂ!" ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ಒಂದು ಸಲ ಎದ್ದು ನಿಲ್ಲುತ್ತಿದ್ದರು.

ಮೈದಾನದಲ್ಲಿ ಅಷ್ಟು ಚುರುಕಾಗಿದ್ದ ಹೆಂಗಸಿಗೆ ಮೈದಾನದ ಹೊರಗೆ ಯಾವುದನ್ನೂ ಬೇಗ ಒಪ್ಪಿಕೊಳ್ಳಲು ಬರುತ್ತಿರಲಿಲ್ಲ. ಸಂತೆಯಲ್ಲಿ ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳುತ್ತಿರಲಿಲ್ಲ. ಎಲ್ಲ ನೋಡಿ, ಎಲ್ಲ ಮುಟ್ಟಿ, ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಟೊಮೆಟೊ ಮುಗಿದಿರುತ್ತಿತ್ತು. ನನ್ನ ಅಂಗಡಿಯಲ್ಲಿ ಒಂದು ರವಿಕೆ ಬಟ್ಟೆ ಕೊಟ್ಟು, ತೋಳು ಉದ್ದ ಇಡಬೇಕೋ ಗಿಡ್ಡ ಇಡಬೇಕೋ ಎಂದು ನಿರ್ಧರಿಸಲು ಎರಡು ಮಳೆಗಾಲ ತೆಗೆದುಕೊಂಡರು. ಕೊನೆಗೆ ಒಂದು ದಿನ ಬಂದು "ಉದ್ದ" ಎಂದರು. ಬಾಗಿಲ ತನಕ ಹೋದವರು ತಿರುಗಿ "ಇರು, ಇನ್ನೂ ಕತ್ತರಿಸ್ಬೇಡ" ಎಂದರು.

ತವರಿನ ತೋಟದಲ್ಲಿ ಅವರಿಗೊಂದು ಪಾಲಿತ್ತು. ಕುಯಿಲು ಮುಗಿದ ಮೇಲೆ ಅಣ್ಣ ಫೋನು ಮಾಡಿ "ಕಾಫಿ ಕೊಟ್ಟುಬಿಡುವಾ?" ಎಂದು ಕೇಳುತ್ತಿದ್ದರು. "ಇರಲಿ, ಇನ್ನೂ ಏರ್ತದೆ" ಎನ್ನುವುದು ಇವರ ಉತ್ತರ. ಅಣ್ಣ ತಮ್ಮ ಪಾಲು ಮಾರಿ ನೆಮ್ಮದಿಯಾಗಿರುತ್ತಿದ್ದರು. ಇವರ ಮೂಟೆಗಳು ಗೋಡೌನಿನಲ್ಲೇ ಕೂತಿರುತ್ತಿದ್ದವು, ಬೆಲೆ ಇಳಿಯುವವರೆಗೂ. ಇದು ನಮ್ಮ ಊರಿಗೆಲ್ಲ ಗೊತ್ತಿದ್ದ ವಿಷಯ. ನಮ್ಮ ಮನೆಯವರಿಗಂತೂ ಚೆನ್ನಾಗಿ ಗೊತ್ತಿತ್ತು.

ಸಿಂಚನ ಎರಡನೇ ಪಿ.ಯು.ನಲ್ಲಿದ್ದಾಗ ರಾಜ್ಯಮಟ್ಟದ ಪಂದ್ಯಗಳಿಗೆ ಹೋಗಿ ಬಂದಳು. ಬಂದ ಮೇಲೆ ಫೋನುಗಳು ಶುರುವಾದವು. ಆಟದ ಕೋಟಾದಲ್ಲಿ ಡಿಗ್ರಿಗೆ ಸೀಟು ಕೊಡುತ್ತೇವೆ, ಹಾಸ್ಟೆಲು ಕೊಡುತ್ತೇವೆ, ಹುಡುಗಿಯನ್ನು ಕಳಿಸಿ ಎಂದು. ನಮಗೆ ಅವಳನ್ನು ಹೊರಗೆ ಹಾಸ್ಟೆಲಿನಲ್ಲಿಟ್ಟು ಓದಿಸುವ ಶಕ್ತಿ ಇರಲಿಲ್ಲ. ಈ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯಿತು. ನಮ್ಮ ನಾದಿನಿ ಆಗಲೇ ಒಬ್ಬ ಗಂಡಿನ ಫೋಟೊ ಮನೆಯವರ ಮೊಬೈಲಿಗೆ ಕಳಿಸಿ "ಒಳ್ಳೆ ಜನ" ಎಂದು ಬರೆದಿದ್ದಳು. ಸಿಂಚನ ಆ ಫೋಟೊವನ್ನು ಅಳಿಸುತ್ತಿದ್ದಳು, ನಾದಿನಿ ಮತ್ತೆ ಕಳಿಸುತ್ತಿದ್ದಳು.

ಮೊದಲು ಕರೆದದ್ದು ಕರಾವಳಿಯ ಒಂದು ಕಾಲೇಜು. ಅವರ ಪಿ.ಡಿ., ಅಂದರೆ ಆಟದ ಮೇಷ್ಟ್ರು, "ಹುಡುಗಿಯ ಭುಜ ಚೆನ್ನಾಗಿದೆ, ಸಾಫ್ಟ್‌ಬಾಲ್ ಬಿಡಿಸಿ ಹ್ಯಾಮರ್ ಎಸೆಯಲು ಹಾಕುತ್ತೇವೆ" ಎಂದರು. ಟೀಚರ್ ನನ್ನ ಕೈಯಿಂದ ಫೋನು ಕಿತ್ತುಕೊಂಡು "ನೀವು ಡ್ರಿಲ್ ಮೇಷ್ಟ್ರೋ ಕಲ್ಲುಗುತ್ತಿಗೆದಾರರೋ?" ಎಂದು ಕೇಳಿ ಕಟ್ ಮಾಡಿದರು.

ಬೆಂಗಳೂರಿನ ಕಾಲೇಜಿನ ಪಿ.ಡಿ. ಫೋನಿನಲ್ಲಿ ನಿಲ್ಲಲಿಲ್ಲ. ಕಾರು ಮಾಡಿಕೊಂಡು, ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು, ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದರು. ಸೀಟು, ಹಾಸ್ಟೆಲು, ಊಟ, ಶೂ, ಟ್ರ್ಯಾಕ್‌ಸೂಟು, ಎಲ್ಲವೂ ಅವರದೇ ಎಂದರು. ನಮ್ಮತ್ತೆಗೆ ಯಾರೂ ಏನೂ ಹೇಳಿರಲಿಲ್ಲ. ಹಣ್ಣಿನ ಬುಟ್ಟಿ ನೋಡಿ ಅವರು ಸೀರೆ ಬದಲಾಯಿಸಿಕೊಂಡು ಬಂದು ಎದುರಿಗೆ ಕೂತರು.

"ಹುಡ್ಗ ಬರ್ನಿಲ್ವಾ?"

"ಹುಡುಗರೂ ಇದಾರೆ ಅಜ್ಜಿ. ಆದ್ರೆ ಅವರಿಗೆ ಹಾಸ್ಟೆಲ್ಲು ಬೇರೆ" ಎಂದರು ಪಿ.ಡಿ.

"ಎಷ್ಟ್ ಜನವ್ರೆ?"

"ಟೀಮಲ್ಲಿ ಹದಿನಾರು ಜನ."

ಅತ್ತೆ ಎದ್ದು ಅಡುಗೆಮನೆಗೆ ಬಂದರು. "ಹದ್ನಾರ್ ಜನುಕ್ಕೆ ಒಂದ್ ಹೆಣ್ಣ ಕೇಳ್ಕಂಡ್ ಬಂದವ್ರಲ್ಲೇ! ಕಾಪಿ ಕೊಟ್ಟು ಕಳ್ಸು ಮೊದ್ಲು."

ಪಿ.ಡಿ. ಹೋಗುವಾಗ ಭಾನುವಾರದೊಳಗೆ ಹೂಂ ಎನ್ನಬೇಕು, ಇಲ್ಲದಿದ್ದರೆ ಬೇರೆ ಹುಡುಗಿಗೆ ಕೊಡುತ್ತೇವೆ ಎಂದರು. ಮನೆಯವರು ಅಲ್ಲೇ ಹೂಂ ಎನ್ನಲು ಬಾಯಿ ತೆರೆದಿದ್ದರು. ಸಿಂಚನ ಅಪ್ಪನ ಕಾಲು ತುಳಿದಳು. ಟೀಚರನ್ನು ಕೇಳದೆ ಹೂಂ ಅನ್ನಬಾರದೆಂದು ಅವಳಿಗೆ ಮೊದಲೇ ಅಪ್ಪಣೆಯಾಗಿತ್ತು.

ಅತ್ತೆಯ ಮಾತು ಕೇಳಿ ಟೀಚರ್ ನನ್ನ ಅಂಗಡಿಯ ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಹೇಳಿದರು. "ಅಜ್ಜಿ ಸರಿಯಾಗೇ ಇದ್ದಾರೆ. ಹೆಣ್ಣು ಕೇಳಿದವರ ಮನೆ ನೋಡದೆ ಕೊಡ್ತಾರಾ? ಬಾ, ಹೋಗುವ."

ಮನೆಯವರಿಗೆ ಶುಂಠಿ ಬಿತ್ತನೆ ಇತ್ತು. ಟೀಚರ್, ನಾನು, ಸಿಂಚನ ಮೂವರೇ ಬಸ್ಸು ಹತ್ತಿದೆವು. ಬೆಂಗಳೂರಿನ ಕಾಲೇಜಿನಲ್ಲಿ ಪಿ.ಡಿ. ನಮಗೆ ಟ್ರೋಫಿಗಳ ಬೀರು ತೋರಿಸಿದರು, ಜಿಮ್ ತೋರಿಸಿದರು, ಹಸಿರು ಮೈದಾನ ತೋರಿಸಿದರು. ಅಲ್ಲಿ ಒಂದು ದನವೂ ಇರಲಿಲ್ಲ. ನನಗೆ ಎಲ್ಲವೂ ಬಹಳ ಚೆನ್ನಾಗಿ ಕಂಡಿತು. ಟೀಚರ್ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಕೇಳಿದರು.

"ಎಲ್ಲ ಆಯ್ತು. ನಿಮ್ಮಲ್ಲಿ ಪೆಟ್ಟಾದ ಹುಡುಗಿಯನ್ನು ತೋರಿಸಿ."

"ಏನು ಮೇಡಂ?"

"ಪೆಟ್ಟಾದವಳು. ಕೈಯೋ ಕಾಲೋ ಮುರಿದುಕೊಂಡವಳು. ಈ ವರ್ಷ ಆಡ್ಲಿಕ್ಕೆ ಆಗದವಳು."

ಪಿ.ಡಿ. ನಕ್ಕರು. "ನಮ್ಮ ಫಿಟ್ನೆಸ್ ಲೆವೆಲ್ಲೇ ಬೇರೆ ಮೇಡಂ. ಇಲ್ಲಿ ಯಾರಿಗೂ ಇಂಜುರಿ ಆಗಲ್ಲ."

"ಹೌದಾ?" ಎಂದರು ಟೀಚರ್. ಆಮೇಲೆ ಬಾತ್‌ರೂಮಿಗೆ ಹೋಗಬೇಕೆಂದು ಹಾಸ್ಟೆಲಿನ ಮಹಡಿ ಹತ್ತಿದರು. ಎಷ್ಟು ಹೊತ್ತಾದರೂ ಬರಲಿಲ್ಲ. ಪಿ.ಡಿ. ವಾಚು ನೋಡಿಕೊಂಡರು. ನಾನು "ಅವರಿಗೆ ಸ್ವಲ್ಪ ಹೊತ್ತು ಬೇಕಾಗ್ತದೆ" ಎಂದೆ. ಕೆಳಗಿಳಿದವರು ಗೇಟು ದಾಟಿದ ಮೇಲೆ ಹೇಳಿದರು.

"ಹಾವೇರಿ ಕಡೆ ಹುಡುಗಿ ಒಬ್ಬಳಿದ್ದಳಂತೆ. ಮೊಣಕಾಲು ತಿರುಚಿತಂತೆ. ಆ ತಿಂಗಳೇ ರೂಮು ಖಾಲಿ ಮಾಡಿಸಿದ್ದಾರೆ. ಅವಳ ಮಂಚದಲ್ಲಿ ಈಗ ಬೇರೆಯವಳು ಮಲಗ್ತಾಳೆ. ಇಂಜುರಿ ಆಗಲ್ಲವಂತೆ! ಆದವರನ್ನು ಮನೆಗೆ ಕಳಿಸಿದ್ರೆ ಮತ್ತೆ ಎಲ್ಲಿ ಆಗ್ತದೆ?"

ವಾಪಸು ಬರುತ್ತ ಮೈಸೂರಿನಲ್ಲಿಳಿದು ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಹೋದೆವು. ಅಲ್ಲಿಂದಲೂ ಒಂದು ಸಲ ಫೋನು ಬಂದಿತ್ತು, ಒಂದೇ ಸಲ. ಪಿ.ಡಿ. ಒಬ್ಬರು ತೆಳ್ಳಗಿನ ಮೇಡಂ, ಬಿಸಿಲಿಗೆ ಕೊಡೆ ಹಿಡಿದು ಮೈದಾನದ ಅಂಚಿನಲ್ಲಿ ನಿಂತಿದ್ದರು. ಬೀರು, ಜಿಮ್ ಏನೂ ತೋರಿಸಲಿಲ್ಲ. ಇರಲಿಲ್ಲವೆಂದು ಕಾಣುತ್ತದೆ. ಟೀಚರ್ ಅದೇ ಪ್ರಶ್ನೆ ಕೇಳಿದರು.

"ಯಾರು ಬೇಕು? ಇಬ್ಬರಿದ್ದಾರೆ" ಎಂದರು ಮೇಡಂ. "ಒಬ್ಬಳು ಮೊಣಕಾಲು, ಇನ್ನೊಬ್ಬಳು ಭುಜ."

"ಮೊಣಕಾಲು ಕರೀರಿ."

ಮೊಣಕಾಲಿಗೆ ಪಟ್ಟಿ ಕಟ್ಟಿದ್ದ ಹುಡುಗಿ ಕಡಲೆಕಾಯಿ ಜಗಿಯುತ್ತ ಕುಂಟಿಕೊಂಡು ಬಂದಳು. ಸ್ಕೋರು ಬರೆಯುವ ಕೆಲಸ ಅವಳದಂತೆ. ಹೇಗಿದ್ದೀಯೆಂದು ಟೀಚರ್ ಕೇಳಿದ್ದೇ ತಡ, ಮೇಡಂ ಎದುರಲ್ಲೇ ಶುರುಮಾಡಿದಳು. ಸಾರು ನೀರಿನ ಹಾಗಿರುತ್ತದೆ, ಬೆಳಗಿನ ಚಿತ್ರಾನ್ನಕ್ಕೆ ಕಡಲೆಬೇಳೆ ಹುಡುಕಬೇಕು, ಡಾಕ್ಟರ ಹತ್ತಿರ ಹೋಗುವ ಆಟೋದಲ್ಲಿ ಮೇಡಂ ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಾರೆ.

"ಮುಗೀತೇನೇ? ಹೋಗು, ಸ್ಕೋರ್ ತಪ್ಪು ಬರೀಬೇಡ" ಎಂದರು ಮೇಡಂ.

ಟೀಚರ ಮುಖ ಅರಳಿತ್ತು. ಆದರೆ ಮೇಡಂ ನಮ್ಮ ಕೈಗೆ ಏನನ್ನೂ ಕೊಡಲಿಲ್ಲ. "ಎಸೆಯೋಳಿಗೆ ಇರೋದು ಒಂದೇ ಸೀಟು. ಮಂಡ್ಯದ ಹುಡುಗಿಯೊಬ್ಬಳು ಕೇಳಿದ್ದಾಳೆ, ಚೆನ್ನಾಗಿದ್ದಾಳೆ. ಜೂನಲ್ಲಿ ಟ್ರಯಲ್ಸ್ ಇಡ್ತೀನಿ, ನೋಡಿ ಹೇಳ್ತೀನಿ. ಈಗಲೇ ಮಾತು ಕೊಟ್ಟು ಆಮೇಲೆ ಇಲ್ಲ ಅನ್ನೋದು ನನಗೆ ಆಗಲ್ಲ."

ಹೀಗೆ, ಕೊಡುತ್ತೇನೆಂದವರ ಮನೆ ಟೀಚರಿಗೆ ಹಿಡಿಸಲಿಲ್ಲ, ಹಿಡಿಸಿದ ಮನೆಯವರು ಕೊಡುತ್ತೇನೆಂದು ಹೇಳಲಿಲ್ಲ. ಬಸ್ಸಿನಲ್ಲಿ ನಾನು ಕೇಳಿದೆ. "ಭಾನುವಾರ ಏನು ಹೇಳೋದು ಟೀಚರ್?"

"ಇರು, ನೋಡುವ" ಎಂದರು. ರವಿಕೆ ಬಟ್ಟೆ, ಟೊಮೆಟೊ, ಗೋಡೌನಿನ ಮೂಟೆಗಳು ಎಲ್ಲ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು.

ಭಾನುವಾರ ಬೆಂಗಳೂರಿನ ಪಿ.ಡಿ. ಫೋನು ಮಾಡಿದಾಗ ಟೀಚರ್ ಇನ್ನು ಸ್ವಲ್ಪ ದಿನ ಕೊಡಿ ಎಂದರು. ಕೊಡುವುದಿಲ್ಲ ಎಂದು ಅವರು ಫೋನು ಇಟ್ಟರು. ಆಮೇಲೆ ವಾರಗಟ್ಟಲೆ ಅವರ ಸುದ್ದಿ ಬರಲಿಲ್ಲ. ಮನೆಯವರು ಊಟ ಮಾಡದೆ ಎದ್ದು ಹೊಲಕ್ಕೆ ಹೋದರು. ನಾದಿನಿಯ ಫೋಟೊ ಈ ಸಲ ಅವರ ಮೊಬೈಲಿನಿಂದ ಅಳಿಸಿಹೋಗಲಿಲ್ಲ.

ಇಷ್ಟು ಸಾಲದೆಂಬಂತೆ, ಟ್ರಯಲ್ಸಿಗೆ ಕೆಲವೇ ದಿನ ಇರುವಾಗ ಸಿಂಚನಳ ಹೆಬ್ಬೆರಳು ಮುರಿಯಿತು. ಹೊಡೆದದ್ದು ಟೀಚರೇ. ಅಭ್ಯಾಸಕ್ಕೆಂದು ಬ್ಯಾಟಿನಲ್ಲಿ ನೆಲಕ್ಕೆ ಹೊಡೆದ ಚೆಂಡು ದನದ ಗೊರಸಿನ ಗುಂಡಿಗೆ ಬಡಿದು ಪುಟಿದು ಎಡಗೈಗೆ ತಾಗಿತು. ಆ ದನ ಗಣಿತದ ಮೇಷ್ಟರದ್ದು. ಕುಶಾಲನಗರದ ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿಸುವವರೆಗೂ ಟೀಚರ್ ಆ ದನವನ್ನು, ಮೇಷ್ಟರನ್ನು, ಗಣಿತವನ್ನು ಬೈದರು. ಹೊರಗೆ ಬಂದು ಬೆಂಚಿನಲ್ಲಿ ಕೂತ ಮೇಲೆ ಬೈಯಲಿಲ್ಲ. ಸಿಂಚನಳ ಪ್ಲಾಸ್ಟರಿನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು "ನಾನೇ ಹೊಡೆದದ್ದು ಕುಂಞಿ" ಎಂದರು. "ಗೊತ್ತು ಟೀಚರ್, ನಾನೇ ಇದ್ನಲ್ಲ" ಎಂದಳು ಸಿಂಚನ.

ಮರುದಿನವೇ, ಯಾರೂ ಎಣಿಸದ ಹಾಗೆ, ಬೆಂಗಳೂರಿನ ಫೋನು ಬಂತು. ಅವರು ಆರಿಸಿದ್ದ ಹುಡುಗಿ ಬೇರೆ ಕಾಲೇಜಿಗೆ ಹೋಗಿದ್ದಳಂತೆ. ಸಿಂಚನ ಬರುವುದಾದರೆ ಸೀಟು ಇನ್ನೂ ಇದೆ, ಇವತ್ತೇ ಹೇಳಿ ಎಂದರು. ನಾವೆಲ್ಲ ಅಂಗಡಿಯಲ್ಲೇ ಇದ್ದೆವು, ಫೋನು ಸ್ಪೀಕರಿನಲ್ಲಿತ್ತು. ಮನೆಯವರು ನನ್ನ ಕಡೆ ನೋಡಿ, ಪ್ಲಾಸ್ಟರಿನ ಕಡೆ ಕಣ್ಣು ಮಾಡಿ, ತುಟಿಯ ಮೇಲೆ ಬೆರಳಿಟ್ಟರು. ಅವರು ಕೆಟ್ಟವರಲ್ಲ. ಮಗಳ ಓದು ಎದುರಿಗೆ ಬಂದು ನಿಂತಿತ್ತು, ಒಂದು ಮಾತು ನುಂಗಿದರೆ ಸಿಗುತ್ತಿತ್ತು. ನನಗೂ ನುಂಗಬೇಕೆಂದೇ ಅನ್ನಿಸಿತು.

ಟೀಚರ್ ಫೋನಿಗೆ ಬಾಗಿದರು. "ಸರ್, ಹುಡುಗಿಯ ಹೆಬ್ಬೆರಳು ಮುರಿದಿದೆ. ಪ್ಲಾಸ್ಟರ್ ಹಾಕಿದೆ. ಸೀಟು ಈಗಲೂ ಇದೆಯಾ?"

"ಹಲೋ? ಹಲೋ?" ಎಂದರು ಪಿ.ಡಿ. "ವಾಯ್ಸ್ ಕಟ್ ಆಗ್ತಿದೆ ಮೇಡಂ. ಆಮೇಲೆ ಮಾಡ್ತೀನಿ."

ಮೊಬೈಲಿನ ಟವರ್ ಪೂರ್ತಿ ಇತ್ತು.

ಮನೆಯವರು ಎದ್ದು ನಿಂತರು. ಅವರು ಟೀಚರ ಎದುರು ದನಿ ಏರಿಸಿದ್ದು ಅದೊಂದೇ ಸಲ. "ಕಾಪಿ ಮಾರಕ್ಕೇ ಬರಾಕಿಲ್ಲ ನಿಮ್ಗೆ. ನನ್ನ ಮಗಳ ಬದುಕ್ನ ನೀವು ಗೋಡೌನಲ್ಲಿ ಇಟ್ಕಂಡು ಕೂತಿದ್ದೀರಲ್ಲ ಮೇಡಂ!"

ಟೀಚರ್ ಅವರ ಕಡೆ ತಿರುಗಿದರು. "ಕಾಫಿ ಮಾರ್ಲಿಕ್ಕೆ ನನಗೆ ಬರಲ್ಲ ಗೌಡ್ರೇ, ಹೌದು. ಆದ್ರೆ ಹುಳ ಬಿದ್ದದ್ದನ್ನು ಒಳ್ಳೆ ಕಾಫಿ ಅಂತ ಯಾವತ್ತೂ ಮಾರ್ಲಿಲ್ಲ."

"ಅಂದ್ರೆ ನಾನು ಹುಳ ಬಿದ್ದ ಕಾಫಿನಾ ಟೀಚರ್?" ಎಂದಳು ಸಿಂಚನ.

ಯಾರೂ ನಗಬಾರದೆಂದು ಗಟ್ಟಿಮಾಡಿಕೊಂಡಿದ್ದೆವು. ಮೊದಲು ನಕ್ಕವರು ಮನೆಯವರೇ. ನಕ್ಕ ಮೇಲೆ ಕೂತರು. ಕೂತವರು "ಮುಂದೇನು?" ಎಂದು ಕೇಳಿದರು. ಉಳಿದಿದ್ದ ಬಾಗಿಲು ಒಂದೇ, ಮೈಸೂರಿನದು.

ಟ್ರಯಲ್ಸಿನ ದಿನ ಮೈಸೂರಿನಲ್ಲಿ ತುಂತುರು ಮಳೆ. ಮಂಡ್ಯದ ಹುಡುಗಿ ನಮಗಿಂತ ಮೊದಲೇ ಬಂದು ಮೈ ಬಿಸಿಮಾಡಿಕೊಳ್ಳುತ್ತಿದ್ದಳು. ಅವಳ ಎರಡು ಕೈಗಳೂ ಚೆನ್ನಾಗಿದ್ದವು. ಟೀಚರ್ ಸಿಂಚನಳ ಪ್ಲಾಸ್ಟರಿನ ಕೈಯನ್ನು ಎತ್ತಿ ಹಿಡಿದುಕೊಂಡೇ ಮೈದಾನಕ್ಕೆ ಇಳಿದರು, ಗೆದ್ದವರ ಕೈ ಎತ್ತುವ ಹಾಗೆ.

"ಮೇಡಂ, ಅವತ್ತು ನಾನು ಪೆಟ್ಟಾದವಳನ್ನು ತೋರಿಸಿ ಅಂದಿದ್ದೆ. ಈಗ ನಾನೇ ಒಬ್ಬಳನ್ನು ಕರ್ಕೊಂಡು ಬಂದಿದ್ದೇನೆ. ಹೊಡೆದದ್ದು ನಾನೇ."

ಕೊಡೆಯ ಕೆಳಗಿನಿಂದ ಮೇಡಂ ನೋಡಿದರು. "ಯಾವ ಕೈ?"

"ಎಡಗೈ."

"ಎಸೆಯೋದು?"

"ಬಲಗೈ."

"ಹಾಗಾದ್ರೆ ಎಸೀಲಿ."

ಸಿಂಚನ ಎಸೆದಳು. ಕೈಯನ್ನು ಸೊಂಟದ ಪಕ್ಕದಿಂದ ಸುತ್ತಿ ಬೀಸುವ ಎಸೆತ ಅದು. ಕಾಲೇಜಿನ ಕ್ಯಾಚರ್ ಹುಡುಗಿ ನೆಟ್ಟಗೆ ಕೈ ಚಾಚಿದಳು, ಚೆಂಡು ಕೊನೆಯಲ್ಲಿ ಪಕ್ಕಕ್ಕೆ ತಿರುಗಿ ಅವಳ ಕಿವಿಯ ಹತ್ತಿರ ಹಾದುಹೋಯಿತು. ಎರಡನೆಯದೂ ಹಾಗೇ ಆಯಿತು. ಮೂರನೆಯದಕ್ಕೆ ಅವಳು ಮೊದಲೇ ಕಣ್ಣು ಮುಚ್ಚಿಕೊಂಡಳು.

"ಗ್ಲೌಸ್ ಕೊಡು ಇಲ್ಲಿ" ಎಂದರು ಟೀಚರ್.

ನಿವೃತ್ತಿ ಹತ್ತಿರವಾಗಿದ್ದ ಆ ಹೆಂಗಸು, ಹೊಟ್ಟೆ ಬೇರೆ ಇತ್ತು, ಒದ್ದೆ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. "ಹಾಕು ಕುಂಞಿ!" ಎಂದರು. ಪಕ್ಕದ ರಸ್ತೆಯಲ್ಲಿ ಸ್ಕೂಟರೊಂದು ನಿಂತಿತು. ಚೆಂಡು ಎಲ್ಲಿಗೆ ತಿರುಗುತ್ತದೆಂದು ಅವರಿಗೆ ಗೊತ್ತಿತ್ತು, ವರ್ಷಗಟ್ಟಲೆ ಹಿಡಿದಿದ್ದರು. ಸಿಂಚನ ಎಸೆದದ್ದನ್ನೆಲ್ಲ ಹಿಡಿದು ನೆಲದ ಮೇಲೆ ಉರುಳಿಸಿ ವಾಪಸು ಕಳಿಸಿದರು. ಬ್ಯಾಟು ಹಿಡಿದು ನಿಂತ ಹುಡುಗಿಯರು ಒಬ್ಬರಾದ ಮೇಲೊಬ್ಬರು ಗಾಳಿಗೆ ಬೀಸಿ ಹೋದರು. ಮಂಡ್ಯದ ಹುಡುಗಿಯೂ ಬೀಸಿದಳು. ಅವಳ ಬ್ಯಾಟಿಗೆ ಮಾತ್ರ ಒಂದು ತಾಗಿತು.

"ಸಾಕು" ಎಂದರು ಮೇಡಂ.

ಟೀಚರ್ ಏಳಲಿಲ್ಲ.

"ಆಯ್ತು, ಏಳಿ" ಎಂದು ಮೇಡಂ ಮತ್ತೆ ಹೇಳಿದರು.

"ಏಳ್ತಿದ್ದೇನೆ" ಎಂದರು ಟೀಚರ್, ಕೂತಲ್ಲೇ. ನಾನು ಒಂದು ಕಡೆಯಿಂದ, ಕ್ಯಾಚರ್ ಹುಡುಗಿ ಇನ್ನೊಂದು ಕಡೆಯಿಂದ ಹಿಡಿದೆಳೆದೆವು. ಅರ್ಧಕ್ಕೆ ಬಂದವರು "ಬಿಡಿ ಬಿಡಿ, ಬಿಡಿ" ಎಂದು ಕೂಗಿ ಕೆಸರಿನಲ್ಲೇ ಕಾಲು ಚಾಚಿ ಕೂತುಬಿಟ್ಟರು. ಸ್ಕೋರು ಬರೆಯುತ್ತಿದ್ದ ಮೊಣಕಾಲಿನ ಹುಡುಗಿ ಕುಂಟಿಕೊಂಡು ಬಂದು, ಬಗ್ಗಿ ನೋಡಿ, "ಮೇಡಂ, ಇವ್ರನ್ನೂ ನಮ್ಮ ಜೊತೆಗೆ ಹಾಕೊಳ್ಳಿ" ಎಂದಳು.

ಮೇಡಂ ಕೊಡೆ ತಂದು ಟೀಚರ ತಲೆಯ ಮೇಲೆ ಹಿಡಿದರು. ತಾವು ನೆನೆಯುತ್ತ ಸಿಂಚನಳ ಕಡೆ ತಿರುಗಿದರು. "ಮಂಡ್ಯದವಳು ಬ್ಯಾಟೂ ಬೀಸ್ತಾಳೆ, ಅವಳಿಗೆ ಪ್ರಿನ್ಸಿಪಾಲರನ್ನು ಕೇಳಿ ಬೇರೆ ದಾರಿ ಮಾಡ್ತೀನಿ. ಎಸೆಯೋ ಸೀಟು ನಿಂಗೆ. ಕೈ ವಾಸಿಯಾಗೋವರೆಗೆ ಸ್ಕೋರ್ ಬರಿ. ಊಟ ಚೆನ್ನಾಗಿರಲ್ಲ, ಅವಳು ಹೇಳಿದ್ದಾಳಲ್ಲ. ಬರ್ತೀಯಾ?"

ನಾನು ಟೀಚರನ್ನು ನೋಡಿದೆ. ಎರಡು ತಿಂಗಳಿಂದ ಇರು, ನೋಡುವ ಎನ್ನುತ್ತಿದ್ದವರು ಈಗ ಕೆಸರಿನಿಂದಲೇ ಜೋರಾಗಿ ತಲೆಯಾಡಿಸುತ್ತಿದ್ದರು.

ಸಿಂಚನ ಟೀಚರನ್ನು ನೋಡಿದಳು, ನನ್ನನ್ನು ನೋಡಿದಳು, ಮೇಡಮ್ಮನ್ನು ನೋಡಿದಳು.

"ಒಂದು ದಿನ ಟೈಮ್ ಕೊಡಿ ಮೇಡಂ. ಯೋಚನೆ ಮಾಡಿ ಹೇಳ್ತೀನಿ."

"ಎಂತ ಯೋಚನೆ!" ಟೀಚರ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು. "ಎಂತ ಯೋಚನೆ ಮಾರಾಯ್ತಿ! ನನ್ನ ಎರಡು ಮೊಣಕಾಲೂ ಹೋಯ್ತು ಇಲ್ಲಿ!"

ಮೇಡಂ ನಗದೆ ಹೇಳಿದರು. "ನಾಳೆ ಹೇಳು. ಅವಸರವಿಲ್ಲ."

ಊರಿಗೆ ಬರುವ ಬಸ್ಸಿನಲ್ಲಿ ಟೀಚರ್ ಸಿಂಚನಳಿಗೆ ಬೆನ್ನು ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಪಿರಿಯಾಪಟ್ಟಣ ದಾಟಿದ ಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ "ಇದನ್ನು ಇವಳಿಗೆ ಕಲಿಸಿದ್ದು ಯಾರು?" ಎಂದು ಕೇಳಿದರು.

ಬೆಳಿಗ್ಗೆ ಸಿಂಚನ ಎದ್ದು ಮೊದಲು ಅಪ್ಪನ ಹತ್ತಿರ ಮಾತಾಡಿದಳು, ಆಮೇಲೆ ತಾನೇ ಮೈಸೂರಿಗೆ ಫೋನು ಮಾಡಿ ಬರುತ್ತೇನೆ ಎಂದಳು. ಅದಾದ ಮೇಲೆ ಟೀಚರಿಗೆ ಮಾಡಿದಳು. ಒಂದು ರಿಂಗು ಪೂರ್ತಿಯಾಗುವ ಮೊದಲೇ ಅವರು ಎತ್ತಿದರು. ಫೋನು ಜಗಲಿಯ ಮೇಲೆ ಸ್ಪೀಕರಿನಲ್ಲಿತ್ತು.

"ಹೂಂ ಅಂದೆ ಟೀಚರ್."

"ನಿನ್ನೆ ಅಲ್ಲೇ ಅಂದಿದ್ರೆ ಎಂತ ಆಗ್ತಿತ್ತು ನಿನಗೆ?"

"ನೀವು ಕೆಸರಲ್ಲಿ ಕೂತಿದ್ರಿ. ನಿಮ್ಮ ಕಾಲು ನೋಡಿ ಹೂಂ ಅಂದ ಹಾಗೆ ಆಗ್ತಿತ್ತು. ಹೋಗೋಳು ನಾನಲ್ವಾ, ನಂಗೋಸ್ಕರ ಅನ್ಬೇಕಿತ್ತು."

ಆ ಕಡೆಯಿಂದ ಸದ್ದೇ ಬರಲಿಲ್ಲ. ಟೀಚರ್ ಇದ್ದ ಕಡೆ ಸದ್ದಿಲ್ಲದ್ದು ನಾನು ಕೇಳಿದ್ದು ಅದೇ ಮೊದಲು. ಲೈನು ಹೋಯಿತೆಂದುಕೊಂಡು ಸಿಂಚನ "ಟೀಚರ್?" ಎಂದಳು. ಅವರು ಒಂದು ಸಲ ಮೂಗು ಸೀಟಿಕೊಂಡದ್ದು ಕೇಳಿಸಿತು. ಆಮೇಲೆ ಬೈಯಲು ಶುರುಮಾಡಿದರು. ಇಷ್ಟೊಂದು ಬುದ್ಧಿಯಿರುವವಳು ನಿನ್ನೆಯೇ ಒಂದು ಮಾತು ಕಿವಿಯಲ್ಲಿ ಹೇಳಬಾರದಿತ್ತೇ, ರಾತ್ರಿಯಿಡೀ ನಿದ್ದೆಯಿಲ್ಲ, ಮೊಣಕಾಲಿಗೆ ಎಣ್ಣೆ ಹಚ್ಚಿ ಹಚ್ಚಿ ಹಾಸಿಗೆಯೆಲ್ಲ ಜಿಡ್ಡು, ಹಾಸ್ಟೆಲಿಗೆ ಹೊದಿಕೆ ಎರಡು ತೆಗೆದುಕೊಂಡು ಹೋಗು, ಉಗುರು ಕತ್ತರಿಸಿಕೋ, ಆ ಮೊಣಕಾಲಿನ ಹುಡುಗಿಯ ಜೊತೆ ಸೇರಿ ಕಡಲೆಕಾಯಿ ತಿನ್ನುತ್ತ ಕೂರಬೇಡ. ಸಿಂಚನ ಎದ್ದು ಹೋಗಿ ಹಲ್ಲುಜ್ಜಿ, ಮುಖ ತೊಳೆದು ಬಂದಳು. ಆಗಲೂ ಬೈಯುತ್ತಲೇ ಇದ್ದರು.

ನಾನು ಫೋನು ಕಟ್ ಮಾಡಲಿಲ್ಲ. ಪಕ್ಕದಲ್ಲಿ ಕೂತು, ಅವರು ನಿಲ್ಲಿಸುವವರೆಗೂ ಕೇಳಿದೆ.